ಸಾವಕಾರರ ಮೂರನೆಯ ಸೋಮವಾರ

ಗುಡ್ಡದ ಬುಡದಲ್ಲಿ ನಿಲ್ಲಿಸಿ ನಾನು ಎಲ್ಲರಿಗೂ ಐದು ಪ್ರಶ್ನೆ ಕೇಳುತ್ತೇನೆ. ನೀರು ಎಷ್ಟು ತಂದಿದ್ದೀರಿ, ಬೂಟಿನ ಅಟ್ಟೆ ಗಟ್ಟಿ ಇದೆಯೇ, ಮೊಣಕಾಲು ನೋವಿದೆಯೇ, ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ, ನಾಷ್ಟಾ ಆಗಿದೆಯೇ. ಆವತ್ತೂ ಕೇಳಿದೆ. ಐದನೆಯ ಪ್ರಶ್ನೆಗೆ ನಾಲ್ವರೂ ಒಂದೇ ಉಸಿರಿಗೆ “ಆತ್ರಿ” ಅಂದರು. ನನ್ನ ಸಣ್ಣ ಪುಸ್ತಕದಲ್ಲಿ ನಾಲ್ಕು ಹೆಸರಿನ ಮುಂದೆ ನಾಲ್ಕು ಗೆರೆ ಎಳೆದು ಪುಸ್ತಕ ಜೇಬಿಗೆ ಹಾಕಿದೆ.

ಗಜೇಂದ್ರಗಡದ ಗುಡ್ಡಸಾಲಿನಲ್ಲಿ ಜನರನ್ನು ಹತ್ತಿಸಿ ಇಳಿಸುವುದು ನನ್ನ ಕೆಲಸ. ಹೆಣ್ಣುಮಗಳು ದಾರಿ ತೋರಿಸುತ್ತಾಳೆ ಅಂದರೆ ಮೊದಮೊದಲು ಗಂಡಸರು ನನ್ನ ಹಿಂದೆ ಯಾರಾದರೂ ಅಣ್ಣನೋ ತಮ್ಮನೋ ಬರುತ್ತಾನೇನೋ ಎಂದು ನೋಡುತ್ತಿದ್ದರು. ಈಗ ನೋಡುವುದಿಲ್ಲ. ಎತ್ತರ ಹೇಳಿದರೆ ಮಲೆನಾಡಿನವರು ನಗುವಂಥ ಗುಡ್ಡ ನಮ್ಮದು. ಆದರೆ ಶ್ರಾವಣದಲ್ಲಿ ಇಲ್ಲಿ ಬೀಸುವ ಗಾಳಿಗೆ ಯಾರ ನಗುವೂ ಉಳಿಯುವುದಿಲ್ಲ. ಸುಮ್ಮನೆ ಇಷ್ಟು ಕರೆಂಟು ತೆಗೆಯುವ ಪಂಖದ ಕಂಬಗಳನ್ನು ಇಲ್ಲಿ ತಂದು ನೆಟ್ಟಿಲ್ಲ. ಮೋಡ ಕೆಳಗಿಳಿದು ಗುಡ್ಡದ ಮೇಲೆ ಕೂತರಂತೂ ಹತ್ತು ಹೆಜ್ಜೆ ಮುಂದಿನ ಮನುಷ್ಯ ಕಾಣುವುದಿಲ್ಲ. ನೆತ್ತಿಗೆ ಹೋಗುವ ಕೊನೆಯ ದಾರಿ ಅಂಚಿಗೆ ಹತ್ತಿಕೊಂಡೇ ಇದೆ. ಅಂಚಿನ ಕೆಳಗೆ ಕೆಲವು ಕಡೆ ಮೂರಾಳು, ಕೆಲವು ಕಡೆ ಹತ್ತಾಳು ಬರಿ ಬಂಡೆ.

ನಾಲ್ವರೂ ಐವತ್ತು ದಾಟಿದವರು. ರೋಣದ ಕಾಳಿನ ವ್ಯಾಪಾರಿ, ಊರೆಲ್ಲ ಸಾವಕಾರರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರ ಜೊತೆ ಸಾಲಿ ಕಲಿತ, ನರಗುಂದದಲ್ಲಿ ಪಾತ್ರೆ ಬಾಂಡೆ ಅಂಗಡಿ ಇಟ್ಟಿರುವ ಸಾಹೇಬರು. ನಿವೃತ್ತರಾದ ಒಬ್ಬ ಗಣಿತದ ಮಾಸ್ತರರು, ಅವರ ಹೆಂಡತಿ ಅಕ್ಕೋರು. ಸಾವಕಾರರಿಗೂ ಸಾಹೇಬರಿಗೂ ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ನಡೆಯಿರಿ ಅಂದದ್ದಕ್ಕೆ ನಡೆಯುತ್ತ ನಡೆಯುತ್ತ ಗುಡ್ಡದ ಹುಕಿ ಹತ್ತಿತ್ತು. ನಾನು ಭಾನುವಾರ ಅಂದಿದ್ದೆ. ಸಾವಕಾರರು ಸೋಮವಾರವೇ ಆಗಬೇಕು ಎಂದು ಹಟ ಹಿಡಿದರು. ಪೇಟೆಯವರಿಗೆ ಪೇಟೆಯ ಲೆಕ್ಕ ಇರುತ್ತದೆ ಎಂದು ನಾನು ಕೇಳಲಿಲ್ಲ.

ಪುರ್ತಗೇರಿ ಕಡೆಯಿಂದ ಕುರಿಗಾರರ ಹಾದಿ ಹಿಡಿದು ಆರೂವರೆಗೆ ಹತ್ತಲು ಶುರು ಮಾಡಿದೆವು. ಸಾಲಿನಲ್ಲಿ ನಾನು ಒಂದು, ಸಾವಕಾರರು ಎರಡು, ಅಕ್ಕೋರು ಮೂರು, ಮಾಸ್ತರರು ನಾಲ್ಕು, ಎಲ್ಲರ ಹಿಂದೆ ಕೆಂಪು ಟವೆಲ್ಲು ಹೆಗಲಿಗೆ ಹಾಕಿಕೊಂಡ ಸಾಹೇಬರು ಐದು. ನಾನು “ಎಣಿಕಿ” ಎಂದು ಕೂಗಿದಾಗ ಪ್ರತಿಯೊಬ್ಬರೂ ತಮ್ಮ ಸಂಖ್ಯೆ ಹೇಳಬೇಕು. ಕೆಂಪು ಟವೆಲ್ಲಿನವರ ಹಿಂದೆ ಯಾರೂ ಉಳಿಯುವಂತಿಲ್ಲ. ಹನ್ನೊಂದಕ್ಕೆ ಎಲ್ಲಿರುತ್ತೇವೋ ಅಲ್ಲಿಂದ ತಿರುಗುವುದು, ನೆತ್ತಿ ಒಂದು ಮಾರು ದೂರ ಇದ್ದರೂ ಅಷ್ಟೇ. ಹೇಳಿದಾಗ ಎಲ್ಲರೂ ತಲೆ ಅಲ್ಲಾಡಿಸಿದರು. ತಲೆ ಅಲ್ಲಾಡಿಸುವುದಕ್ಕೆ ಖರ್ಚೇನಿದೆ.

ಜಾಲಿ ಸಾಲು ದಾಟಿ, ಕೊರಕಲಿನ ಬದಿ ಹತ್ತಿ, ಒಂಬತ್ತರ ಹೊತ್ತಿಗೆ ಪಂಖದ ರಸ್ತೆ ಬಂದು ಕೂಡುವ ತಗ್ಗಿಗೆ ಮುಟ್ಟಿದೆವು. ಅಲ್ಲಿಯವರೆಗೆ ಜೀಪು ಬರುತ್ತದೆ. ಇಳಿಯುವಾಗ ಅಲ್ಲಿಂದ ಕರೆದುಕೊಂಡು ಹೋಗಲು ಡ್ರೈವರನಿಗೆ ಹೇಳಿಟ್ಟಿದ್ದೆ. ಅಕ್ಕೋರು ರೊಟ್ಟಿ ಚಟ್ನಿ ಬಿಚ್ಚಿದರು. ಸಾವಕಾರರು ದೂರ ಹೋಗಿ ಗಾಳಿಗೆ ಬೆನ್ನು ಕೊಟ್ಟು ಕೂತರು. ಕರೆದರೆ “ನನಗ ಹಸಿವಿಲ್ಲ, ನೀವು ತಿನ್ರಿ” ಅಂದರು. ನೀರು ಮಾತ್ರ ಕುಡಿದರು. ಇದನ್ನೂ ನಾನು ನೋಡಿದೆ. ನೋಡಿದ್ದು ತಲೆಗೆ ಹೋಗಲಿಲ್ಲ.

ಅಲ್ಲಿಂದ ಮೇಲಕ್ಕೆ ಸಾವಕಾರರ ವರಸೆಯೇ ಬದಲಾಯಿತು. ಮೊದಲು ಆಕಳಿಸುತ್ತ ಬಂದರು. ಆಮೇಲೆ ನನ್ನ ನಡಿಗೆ ಬಗ್ಗೆ ತಕರಾರು ತೆಗೆದರು.

“ಏನ್ ತಂಗಿ, ಎತ್ತಿನ ಗಾಡಿ ಹೊಡದಂಗ ನಡೀತಿ. ಲಗೂ ಲಗೂ ಹೆಜ್ಜಿ ಹಾಕು.”

“ಮ್ಯಾಲ ಏರು ಭಾಳ ಐತ್ರಿ. ಉಸರು ಹಿಡಿಬೇಕು.”

“ನನಗ ಉಸರು ಕಲಸ್ತಿಯೇನು? ನಿನ್ನಂಥಾವ್ರನ್ನ ಇಪ್ಪತ್ತು ಮಂದಿನ್ನ ಕೆಲಸಕ್ಕಿಟ್ಟಾಂವ ನಾ.”

ಗಾಳಿ ಅಷ್ಟು ತಣ್ಣಗಿದ್ದರೂ ಅವರ ಅಂಗಿಯ ಬೆನ್ನು ತೊಯ್ದು ಅಂಟಿಕೊಂಡಿತ್ತು. ಬೆವರು ಕಂಡೆ, ಸಿಟ್ಟು ಕಂಡೆ, ಎರಡನ್ನೂ ಕೂಡಿಸಲಿಲ್ಲ. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಅದು ನನ್ನ ಅವ್ವನಿಂದ ಬಂದ ಆಸ್ತಿ. ನಿಂತು ತಿರುಗಿ ಹೇಳಿದೆ.

“ಸಾವಕಾರ್ರ, ನನ್ನ ನಡಗಿ ಸರಿಬರದಿದ್ರ ನೀವು ಹಿಂದ ಹೋಗಿ ಸಾಹೇಬ್ರ ಮುಂದ ನಡೀರಿ.”

ಅವರು ಹಿಂದಕ್ಕೆ ಹೋದರು. ದಣಿದವರನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ. ನಾನು ನನ್ನ ಕಿವಿಗೆ ಸುಖ ಬೇಕೆಂದು ಅವರನ್ನು ಬೆನ್ನ ಹಿಂದೆ ಹಾಕಿದೆ. ಆವತ್ತಿನ ತಪ್ಪುಗಳಲ್ಲಿ ಬೇರೆಯವರದು ಏನೇ ಇರಲಿ, ಇದು ನನ್ನದು.

ಹತ್ತು ಗಂಟೆ ದಾಟಿದ ಮೇಲೆ ಮೋಡ ಬಂತು. ಪಡುವಣದಿಂದ ಬಿಳಿ ಗೋಡೆಯಂತೆ ಎದ್ದು ಬಂದು ಐದೇ ನಿಮಿಷದಲ್ಲಿ ನಮ್ಮನ್ನು ನುಂಗಿತು. ಪಂಖಗಳು ಕಾಣದಾದವು, ಅವುಗಳ ಗುಂಯ್ ಗುಂಯ್ ಸದ್ದು ಮಾತ್ರ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯದಂತೆ ಸುತ್ತಲೂ ತುಂಬಿತು. ಇಂಥ ಹೊತ್ತಿಗೆಂದೇ ದಾರಿಯ ಎಡಕ್ಕೆ ಪ್ರತಿ ಮೂವತ್ತು ಹೆಜ್ಜೆಗೆ ಮೂರು ಕಲ್ಲು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದೇನೆ. ಒಂದು ಗುರುತಿನಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತ ನಡೆದೆ. ಅಂಚು ಬಲಕ್ಕೆ ಇದ್ದುದರಿಂದ ಎಲ್ಲರೂ ಎಡಗೈ ಕಡೆಯ ಬಂಡೆಗೆ ತಾಗಿಕೊಂಡು ಬರಬೇಕೆಂದು ಕೂಗಿ ಹೇಳಿದೆ. ಗಾಳಿ ಅರ್ಧ ಮಾತು ತಿಂದು ಹಾಕಿತು.

ಹತ್ತೂ ನಲವತ್ತಕ್ಕೆ ದಾರಿಯ ಬದಿಯ ಒಂದು ಮುರುಕು ಗೋಡೆಯ ಹತ್ತಿರ ನಿಂತು ಎಣಿಕಿ ಕೂಗಿದೆ. ಒಂದು ನಾನೇ ಅಂದೆ. ಎರಡು ಬರಲಿಲ್ಲ. ಮೂರು, ಅಕ್ಕೋರು. ನಾಲ್ಕು, ಮಾಸ್ತರರು. ಐದು, ಸಾಹೇಬರು. ಮತ್ತೊಮ್ಮೆ ಕೂಗಿದೆ. ಎರಡರ ಜಾಗದಲ್ಲಿ ಗಾಳಿ ಮಾತ್ರ.

“ಸಾವಕಾರ್ರು ನಿಮ್ಮ ಮುಂದ ಇದ್ರಲ್ರಿ?” ಎಂದು ಸಾಹೇಬರನ್ನು ಕೇಳಿದೆ.

“ನಾ ಚಸ್ಮಾ ಒರಸ್ಕೊಳ್ಳಾಕ ನಿಂತಿದ್ನವಾ. ಅಂವ ನನ್ನ ಬಿಟ್ಟು ಮುಂದ ಬಂದ. ನಿಮ್ಮ ಕೂಡ ಅದಾನ ಅನ್ಕೊಂಡೆ.”

ನಮ್ಮ ಕೂಡ ಇರಲಿಲ್ಲ. ಅಂದರೆ ನಮಗೂ ಸಾಹೇಬರಿಗೂ ನಡುವೆ, ಆ ಬಿಳಿ ಮೋಡದಲ್ಲಿ, ಅವರು ದಾರಿ ಬಿಟ್ಟಿದ್ದರು. ಎಡಕ್ಕೆ ಬಂಡೆ. ಬಿಡಲು ಇದ್ದದ್ದು ಬಲಗಡೆ ಮಾತ್ರ.

ಮಾಸ್ತರರು ತಟ್ಟನೆ ಹುಡುಕಲು ಹೊರಟರು. ತೋಳು ಹಿಡಿದು ಕೂಡಿಸಿದೆ. ಇಂಥ ಹೊತ್ತಿನಲ್ಲಿ ಒಬ್ಬರನ್ನು ಹುಡುಕಲು ನಾಲ್ವರು ನಾಲ್ಕು ದಿಕ್ಕಿಗೆ ಹೋದರೆ ಸಂಜೆಗೆ ಐದು ಜನರನ್ನು ಹುಡುಕಬೇಕಾಗುತ್ತದೆ. ಮೂವರನ್ನೂ ಗೋಡೆಯ ಮರೆಗೆ ಒತ್ತಾಗಿ ಕೂಡಿಸಿದೆ. ಮೂರು ಸಲ ಸೀಟಿ ಊದಿ, ಒಂದು ನಿಮಿಷ ಕಿವಿಗೊಟ್ಟು ಕೇಳಿ, ಮತ್ತೆ ಮೂರು ಸಲ ಊದಿದೆ. ಉತ್ತರ ಇಲ್ಲ. ಫೋನಿನಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಚೀಲದಿಂದ ಇಪ್ಪತ್ತು ಮೀಟರಿನ ಹಗ್ಗ ತೆಗೆದು, ಒಂದು ತುದಿಯನ್ನು ಗೋಡೆಯ ಕಲ್ಲಿಗೆ ಎರಡು ಸುತ್ತು ಹಾಕಿ ಮಾಸ್ತರರ ಕೈಗೆ ಕೊಟ್ಟೆ, ಇನ್ನೊಂದು ತುದಿ ನನ್ನ ಸೊಂಟಕ್ಕೆ.

“ನಾ ಎರಡ್ ಸಲ ಜಗ್ಗಿದ್ರ ಹಗ್ಗ ಸಡಿಲ ಬಿಡ್ರಿ. ಮೂರ್ ಸಲ ಜಗ್ಗಿದ್ರ ಸಾಹೇಬ್ರು ಹಗ್ಗ ಹಿಡ್ಕೊಂಡ ನನ್ನ ಕಡಿ ಬರ್ಲಿ. ಬಿಟ್ಟು ಒಂದ್ ಹೆಜ್ಜಿನೂ ಇಡಬಾರದು.”

ನಾವು ಬಂದ ದಾರಿಯ ಕಡೆಗೆ, ಅಂಚಿನ ಬದಿಯಿಂದ ಅರ್ಧ ಚಂದ್ರದಂತೆ ಹುಡುಕುತ್ತ ಹೋದೆ. ಪ್ರತಿ ಹೆಜ್ಜೆಗೂ ಮೊದಲು ಕೋಲು ಊರಿ ನೆಲ ಇದೆಯೇ ನೋಡುವುದು, ಆಮೇಲೆ ಕಾಲು ಇಡುವುದು. ಮೊದಲ ಸುತ್ತಿನಲ್ಲಿ ಏನೂ ಸಿಗಲಿಲ್ಲ. ಗೋಡೆಗೆ ಮರಳಿ, ಮೂವರನ್ನೂ ಕರೆದುಕೊಂಡು ಕೆಳಗಿನ ಗುರುತಿನ ಕಲ್ಲಿಗೆ ಬಂದು, ಅಲ್ಲಿ ಹಗ್ಗ ಕಟ್ಟಿ ಮತ್ತೆ ಹೊರಟೆ. ಹನ್ನೆರಡು ಹೆಜ್ಜೆ ಹೋಗಿರಬೇಕು. ಒಂದು ಚಪ್ಪಟೆ ಬಂಡೆಯ ಮೇಲೆ ಎರಡು ಬೂಟು ಕಂಡವು.

ಸಾವಕಾರರ ಬೂಟುಗಳು. ಎರಡನ್ನೂ ಕೂಡಿಸಿ, ತುದಿ ಈ ಕಡೆಗೆ ಮಾಡಿ, ಒಳಗೆ ಕಾಲುಚೀಲ ಮಡಚಿ ಇಟ್ಟಿದ್ದರು. ಬಿದ್ದವರ ಬೂಟು ಹಾಗಿರುವುದಿಲ್ಲ. ಬೂಟು ಬಿಚ್ಚಿಟ್ಟು ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂಬ ಪ್ರಶ್ನೆಗೆ ಆ ಕ್ಷಣದಲ್ಲಿ ನನಗೆ ಒಂದೇ ಉತ್ತರ ಹೊಳೆಯಿತು. ಅದನ್ನು ಇಲ್ಲಿ ಬರೆಯಲೂ ಮನಸ್ಸಾಗುವುದಿಲ್ಲ. ಎರಡು ಸಲ ಜಗ್ಗಿದೆ. ಹಗ್ಗ ಸಡಿಲಾಯಿತು. ಇನ್ನೂ ಆರು ಹೆಜ್ಜೆಗೆ ಅವರು ಸಿಕ್ಕರು.

ಅಂಚಿನಿಂದ ಎರಡು ಮಾರು ಒಳಗೆ, ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿ ಹಾಕಿಕೊಂಡಿದ್ದರು. ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. ನನ್ನನ್ನು ನೋಡಿದರು, ಗುರುತು ಹಿಡಿಯಲಿಲ್ಲ.

“ಸವಾಲ್ ಮುಗದೈತಿ. ಎಲ್ಲಾರೂ ಎದ್ದು ಹೋಗ್ರಿ. ಅಂಗಡಿ ಬಾಗಲಾ ಹಾಕ್ರಿ,” ಅಂದರು. ಪೇಟೆಯ ಕಾಳಿನ ಹರಾಜಿನಲ್ಲಿದ್ದರು ಅವರು. ನಾಲಿಗೆ ತೊಡರುತ್ತಿತ್ತು.

ಅವರ ತೋಳು ಹಿಡಿದುಕೊಂಡೇ ಹಗ್ಗವನ್ನು ಮೂರು ಸಲ ಜಗ್ಗಿದೆ. ಅವರು ಬಿಡಿಸಿಕೊಳ್ಳಲು ನೋಡಿದರು. ಬಲ ಇತ್ತು. ಸಾಹೇಬರು ಹಗ್ಗದ ಗುಂಟ ಬಂದರು. ಇಬ್ಬರೂ ಕೂಡಿ ಅವರನ್ನು ಕೂತ ಭಂಗಿಯಲ್ಲೇ ಎಳೆದು ಬೂಟಿದ್ದ ಬಂಡೆಯ ಈ ಕಡೆಗೆ ತಂದೆವು. ಆಮೇಲೆ ಮಾಸ್ತರರೂ ಅಕ್ಕೋರೂ ಬಂದರು.

“ಮುಂಜಾನಿ ಸಕ್ಕರಿ ಗುಳಿಗಿ ಅಂದಿದ್ರು. ಯಾವುದ್ರಿ ಅದು?” ಎಂದೆ.

ಸಾಹೇಬರು ಗೆಳೆಯನ ಜೇಬಿಗೆ ಕೈ ಹಾಕಿ ಗುಳಿಗೆಯ ಹಾಳೆ ತೆಗೆದರು. ಅದರ ಜೊತೆ ನಾಲ್ಕು ಬಿಲ್ವಪತ್ರೆಗಳೂ ಬಂದವು. ಪತ್ರೆ ನೋಡಿ ಅವರ ಮುಖ ಬಿಳಿಚಿತು.

“ಯಾ ಅಲ್ಲಾ. ಇವತ್ತ ಸೋಮವಾರ. ಶ್ರಾವಣ ಸೋಮವಾರ. ಅಂವ ಸಂಜಿತನಕ ಬಾಯಾಗ ಏನೂ ಹಾಕಂಗಿಲ್ಲ.”

“ನಾಷ್ಟಾ ಆತು ಅಂದ್ರಲ್ರಿ ಮುಂಜಾನಿ?”

“ಅಂತಾರವಾ. ನಾಷ್ಟಾ ಆತೇನ್ರಿ ಅಂದ್ರ ಯಾರು ಇಲ್ಲ ಅಂತಾರ ನಮ್ಮ ಕಡಿ?”

ಖರೆ. ನಮ್ಮಲ್ಲಿ ಅದು ಪ್ರಶ್ನೆಯಲ್ಲ, ನಮಸ್ಕಾರ. ಎದುರಿಗೆ ಬಂದವರು ಊಟ ಆತೇನ್ರಿ ಅಂದರೆ ಮೂರು ದಿನದ ಹಸಿವಿದ್ದವನೂ ಆತ್ರಿ ಅನ್ನುತ್ತಾನೆ. ಹುಟ್ಟಿದಾಗಿನಿಂದ ನಾನೂ ಹಾಗೇ ಅಂದಿದ್ದೇನೆ. ಅದೇ ನಮಸ್ಕಾರವನ್ನು ತಪಾಸಣೆ ಎಂದು ತಿಳಿದು ಪುಸ್ತಕದಲ್ಲಿ ಗೆರೆ ಎಳೆದಿದ್ದೆ.

ಹಾಳೆಯಲ್ಲಿ ಒಂದು ಗುಳಿಗೆಯ ಮನೆ ಹೊಸದಾಗಿ ಒಡೆದಿತ್ತು. ಉಪವಾಸ ದೇವರಿಗೆ, ಗುಳಿಗೆ ಡಾಕ್ಟರಿಗೆ. ಎರಡೂ ತಪ್ಪಿಸದ ಮನುಷ್ಯ. ಸಾಹೇಬರೇ ಹೇಳಿದರು: “ಈ ಗುಳಿಗಿ ತಗೊಂಡು ಉಣ್ಣದಿದ್ರ ಸಕ್ಕರಿ ಪಾತಾಳಕ್ಕ ಇಳಿತೈತಿ. ರಮಜಾನ ಬಂದ್ರ ನನಗ ಡಾಕ್ಟರು ಮೊದಲ ಇದನ್ನ ಬದಲಿ ಮಾಡ್ತಾರ.” ಅದು ಇಳಿಯುತ್ತ ಹೋದರೆ ಮೊದಲು ಸಿಟ್ಟು, ಆಮೇಲೆ ಭ್ರಮೆ, ಆಮೇಲೆ ಮೂರ್ಛೆ, ಆಮೇಲೆ ಜೀವ. ನಮ್ಮ ಹತ್ತಿರ ಎಷ್ಟು ಹೊತ್ತಿದೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ನನ್ನ ಪೆಟ್ಟಿಗೆಯಲ್ಲಿ ಒಂದು ಗ್ಲೂಕೋಸ್ ಪೊಟ್ಟಣ ಇತ್ತು. ಬಾಟಲಿಯಲ್ಲಿ ಕಲಸಿ ಬಾಯಿಗೆ ಹಿಡಿದೆ. ಅವರು ಹಲ್ಲು ಕಚ್ಚಿದರು. “ಉಪಾಸ,” ಅಂದರು. ಅಷ್ಟೆಲ್ಲ ಮರೆತ ತಲೆಯಲ್ಲಿ ಅದೊಂದೇ ಉಳಿದಿತ್ತು. ಮತ್ತೆ ಹಿಡಿದೆ. ಕೈ ಬೀಸಿ ಹೊಡೆದರು. ಬಾಟಲಿ ಬಂಡೆಗೆ ಬಡಿದು ಉರುಳಿತು. ತಡಕಾಡಿ ಎತ್ತಿಕೊಳ್ಳುವ ಹೊತ್ತಿಗೆ ಒಂದು ಗುಟುಕೂ ಉಳಿದಿರಲಿಲ್ಲ. ಇನ್ನೊಂದು ಪೊಟ್ಟಣ ನನ್ನ ಹತ್ತಿರ ಇರಲಿಲ್ಲ. ಈಗ ನಾಲ್ಕು ಇಟ್ಟುಕೊಳ್ಳುತ್ತೇನೆ.

“ಬೆಲ್ಲ ನಡಿತೈತೇನ್ರಿ?” ಎಂದರು ಅಕ್ಕೋರು. ಬಿಸಿಲಿನಿಂದ ಬಂದವರಿಗೆ ಬೆಲ್ಲ ನೀರು ಕೊಡುವ ಮನೆತನ ಅವರದು. ಸೀರೆಯ ತುಂಡಿನಲ್ಲಿ ಒಂದು ಹೆಂಟೆ ಕಟ್ಟಿಕೊಂಡೇ ಬಂದಿದ್ದರು. ಕಲ್ಲಿನಿಂದ ಜಜ್ಜಿ, ನನ್ನ ಬಾಟಲಿಯಲ್ಲಿ ಸ್ವಲ್ಪ ನೀರು ಹಾಕಿ, ಗಟ್ಟಿಯಾಗಿ ಕಲಸಿ ಕುಲುಕಿದೆವು. ಆದರೆ ಕುಡಿಸುವುದು ಹೇಗೆ? ಮೂಗು ಹಿಡಿದು ಸುರಿದರೆ ಉಸಿರಿನ ಕೊಳವೆಗೆ ಹೋಗುತ್ತದೆ. ನುಂಗಲು ಅವರೇ ಮನಸ್ಸು ಮಾಡಬೇಕು.

“ಹರಕಿ ಐತಿ ತಂಗಿ,” ಅಂದರು ಸಾಹೇಬರು, ತಗ್ಗಿದ ದನಿಯಲ್ಲಿ. “ಹೆಂಡ್ತಿಗೆ ಹುಬ್ಬಳ್ಳ್ಯಾಗ ದೊಡ್ಡ ಆಪರೇಶನ್ ಆತಲ್ಲ. ಅಕಿ ಎದ್ದು ಮನಿಗೆ ಬಂದ್ರ ಮೂರನೇ ಸೋಮವಾರ ಉಪಾಸ ಇದ್ದು, ಬರಿಗಾಲಿಲೆ ಹೋಗಿ ನೆತ್ತಿ ಮ್ಯಾಲಿನ ಲಿಂಗಕ್ಕ ಪತ್ರಿ ಏರಸ್ತೀನಿ ಅಂದಿದ್ದ. ನನಗೊಬ್ಬಾವಗ ಹೇಳಿದ್ದ. ಇವತ್ತ ಅನ್ನೂದು ನನ್ನ ತಲಿಗೆ ಹೊಳೀಲಿಲ್ಲ ನೋಡು.”

ಬೂಟು ಯಾಕೆ ಬಿಚ್ಚಿಟ್ಟಿದ್ದರು ಎಂದು ಆಗ ತಿಳಿಯಿತು. ಅವರ ಭ್ರಮೆಯಲ್ಲಿ ನೆತ್ತಿ ಬಂದುಬಿಟ್ಟಿತ್ತು.

ನಾನು ಪತ್ರೆಯೊಂದನ್ನು ಬಾಟಲಿಯ ಬಾಯಿಗೆ ಇಟ್ಟೆ. ಅವರ ಮುಂದೆ ಮಂಡಿಯೂರಿ ಕೂತೆ. ದೇವರ ವಿಷಯದಲ್ಲಿ ನಾನು ಸುಳ್ಳು ಹೇಳಿದವಳಲ್ಲ. ಆವತ್ತು ಹೇಳಿದೆ.

“ಸಾವಕಾರ್ರ, ಮ್ಯಾಲ ಪೂಜಿ ಆತ್ರಿ. ಪತ್ರಿ ಏರಿಸಿ ಬಂದೀವಿ. ತೀರ್ಥ ತಗೋರಿ.”

ಅವರು ನನ್ನ ಮುಖ ನೋಡಿದರು, ಪತ್ರೆ ನೋಡಿದರು. ಆಮೇಲೆ ಬಲಗೈ ತಾನಾಗಿ ಮುಂದೆ ಬಂತು. ಬೆರಳು ಕೂಡಿಸಿ, ಅಂಗೈ ತಗ್ಗು ಮಾಡಿ, ಕೆಳಗೆ ಎಡಗೈ ಆಸರೆ ಕೊಟ್ಟರು. ಕೈ ನಡುಗಿ ಮೊದಲ ಸಲ ಅರ್ಧ ಚೆಲ್ಲಿತು. ಅಕ್ಕೋರು ಅವರ ಮಣಿಕಟ್ಟು ಹಿಡಿದರು. ಎರಡನೆಯ ಸಲ ಸೊರ್ ಎಂದು ಕುಡಿದರು. ಮೂರು ಸಲ, ನಾಲ್ಕು ಸಲ, ಐದು ಸಲ ಹಾಕಿದೆ. ಗುಟುಕು ಇಳಿದದ್ದು ಗಂಟಲಲ್ಲಿ ಕಾಣುವವರೆಗೆ ಮುಂದಿನದು ಹಾಕಲಿಲ್ಲ. ಆಮೇಲೆ ನನ್ನ ಕಂಬಳಿ ಹೊದಿಸಿ, ಗಡಿಯಾರ ನೋಡುತ್ತ ಕೂತೆವು. ಮಾಸ್ತರರು ಪ್ರತಿ ಐದು ನಿಮಿಷಕ್ಕೆ ಹದಿನೇಳರ ಮಗ್ಗಿ ಕೇಳಿದರು. ಬೇರೆ ತಪಾಸಣೆ ಅವರಿಗೆ ಗೊತ್ತಿರಲಿಲ್ಲ. ಮೊದಲ ಸಲ ಉತ್ತರ ಬರಲಿಲ್ಲ. ಎರಡನೆಯ ಸಲ “ಹದಿನೇಳು ಎರಡಲೆ” ಎಂದು ನಿಂತರು. ಮೂರನೆಯ ಸಲ “ಮಾಸ್ತರ, ತಲಿ ತಿನ್ನಬ್ಯಾಡ್ರಿ” ಅಂದರು. ನಾನು ನಕ್ಕೆ, ಕಣ್ಣಲ್ಲಿ ನೀರು ಬಂತು.

ಹನ್ನೊಂದೂವರೆ ದಾಟಿದ ಮೇಲೆ ಮೋಡ ಒಂದು ಕಡೆ ಹರಿಯಿತು. ನೆತ್ತಿ ಕಂಡಿತು. ಕಲ್ಲು ಕಲ್ಲು ಎಣಿಸುವಷ್ಟು ಹತ್ತಿರ, ಕಾಲು ಗಂಟೆಯ ದಾರಿ. ಸಾವಕಾರರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ತಮ್ಮ ಒದ್ದೆ ಅಂಗೈ ಮೂಸಿದರು.

“ನಾವಿನ್ನ ಮ್ಯಾಲ ಹೋಗೇ ಇಲ್ಲಲ್ಲ, ತಂಗಿ.”

“ಇಲ್ಲರಿ.”

“ಹಂಗಾರ ನೀ ಕೊಟ್ಟಿದ್ದು?”

“ಬೆಲ್ಲದ ನೀರ್ರಿ. ನಾ ಸುಳ್ಳು ಹೇಳಿದೆ. ನಿಮ್ಮ ಸಕ್ಕರಿ ಇಳದು ಜೀವಕ್ಕ ಬಂದಿತ್ತು.”

ಅವರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಎದ್ದು ನಿಂತು, ಬರಿಗಾಲಲ್ಲೇ, ಕೈಮುಗಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

“ಈಗ ಅರಾಮದೀನಿ. ಉಪಾಸ ಮುರಿದದ್ದು ಮುರೀತು, ಪತ್ರಿನಾದ್ರೂ ಏರಸ್ತೀನಿ. ಕಾಲು ತಾಸಿನ ದಾರಿ. ಇಲ್ಲಿತನಕ ಬಂದು ತಿರಗಿದ್ರ, ನಾಳಿ ಅಕಿಗೆ ಏನರ ಆತಂದ್ರ ನಾ ಯಾರನ್ನ ಕೇಳ್ಲಿ?”

ಮಾಸ್ತರರೂ ಅವರ ಕಡೆ ವಾಲಿದರು. “ಬೆಲ್ಲ ಕುಡಿಸೇವಿ. ಮೋಡನೂ ಸರದೈತಿ. ನಾವೆಲ್ಲ ಹಿಡ್ಕೊಂಡ್ರ ಆಗಬಹುದಲ್ರಿ?”

ಆಗಲಿ ಎನ್ನುವ ಮಾತು ನನ್ನ ತುಟಿಯವರೆಗೆ ಬಂದಿತ್ತು. ಸುಳ್ಳು ಹೇಳಿದ ಪಾಪಕ್ಕೆ ಅಷ್ಟಾದರೂ ಮಾಡಬೇಕು ಅನಿಸಿತು. ಸಾಹೇಬರನ್ನು ಕೇಳಿದೆ: “ಆ ಗುಳಿಗಿ ಎಷ್ಟೊತ್ತು ಕೆಲಸ ಮಾಡ್ತೈತ್ರಿ?”

“ದಿನಾಪೂರ್ತಿ. ಬೆಲ್ಲ ಮುಗದ ಮ್ಯಾಲ ಮತ್ತ ಇಳಸ್ತೈತಿ.”

ತಿರುಗಬೇಕಿದ್ದ ಹನ್ನೊಂದು ಆಗಲೇ ದಾಟಿತ್ತು. ಹೋಗಿ ಬರಲು ಅರ್ಧ ತಾಸು, ಮೇಲೆ ಪೂಜೆಗೆ ಹತ್ತು ನಿಮಿಷ. ಇಲ್ಲಿಂದ ತಗ್ಗಿಗೆ ಇಳಿಯಲು ಮುಕ್ಕಾಲು ತಾಸು. ಉಳಿದದ್ದು ಬಾಟಲಿಯಲ್ಲಿ ಮೂರು ಗುಟುಕು ಬೆಲ್ಲದ ನೀರು. ಮೋಡ ಮತ್ತೆ ಕೂಡುವುದು ಗ್ಯಾರಂಟಿ. ಅವರು ಎರಡನೆಯ ಸಲ ಕುಸಿದರೆ ಹೊತ್ತು ಇಳಿಸಲು ಅಂಚಿನ ದಾರಿಯಲ್ಲಿ ಇಬ್ಬರು ಅಕ್ಕಪಕ್ಕ ನಿಲ್ಲಲೂ ಜಾಗವಿಲ್ಲ.

“ತಿರಗೂದ್ರಿ,” ಅಂದೆ. “ನಿಮ್ಮ ಮನಿಯವ್ರಿಗೆ ಏನರ ಆದ್ರ ನನ್ನ ಬೈರಿ. ನಿಮಗ ಏನರ ಆದ್ರ ಅವರಿಗೆ ನಾ ಏನೂ ಹೇಳಾಕ ಆಗೂದಿಲ್ಲ.”

ಅವರು ಕೂತು ಬೂಟು ಹಾಕಿಕೊಂಡರು. ಅಳುತ್ತಿದ್ದರು. ಹಗ್ಗದ ಒಂದು ತುದಿ ಅವರ ಸೊಂಟಕ್ಕೆ, ಇನ್ನೊಂದು ನನ್ನ ಸೊಂಟಕ್ಕೆ, ನಡುವೆ ಎರಡು ಮಾರು ಬಿಟ್ಟು ಇಳಿಯತೊಡಗಿದೆವು. ಅವರು ಮುಂದೆ, ನಾನು ಹಿಂದೆ. ರೊಟ್ಟಿ ತಿನ್ನಿರಿ, ಸಕ್ಕರೆ ನಿಲ್ಲುತ್ತದೆ ಎಂದು ಅಕ್ಕೋರು ಎಷ್ಟು ಬೇಡಿಕೊಂಡರೂ ಮುಟ್ಟಲಿಲ್ಲ. “ಒಮ್ಮೆ ಮೋಸ ಮಾಡೀರಿ. ಸಾಕು,” ಅಂದರು. ನನ್ನ ಕಣ್ಣು ಅವರ ಬೆನ್ನಿನ ಮೇಲಿತ್ತು. ಬೆವರು ಮತ್ತೆ ಯಾವಾಗ ಮೂಡುತ್ತದೆ ಎಂದು ನೋಡುತ್ತಿದ್ದೆ.

ತಗ್ಗಿಗೆ ಇನ್ನೂ ಹತ್ತು ನಿಮಿಷ ಇರುವಾಗ ಮೂಡಿತು. ಮೊದಲು ಒಂದು ಆಕಳಿಕೆ. ಆಮೇಲೆ ಕಾಲು ಕಲ್ಲು ತಪ್ಪಿತು, ಹಗ್ಗ ಬಿಗಿಯಿತು, ನಾನು ಕುಕ್ಕರಿಸಿ ತಡೆದೆ. ಬೆಲ್ಲದ ನೀರು ತೆಗೆದೆ. ಈ ಸಲ ಸುಳ್ಳು ಹೇಳಲಿಲ್ಲ. ಸಾಹೇಬರು ಬಾಟಲಿ ಕಸಿದುಕೊಂಡರು.

“ಇದು ತೀರ್ಥ ಅಲ್ಲ, ಬೆಲ್ಲದ ನೀರ. ಕುಡಿ. ನಿನ್ನ ಹೆಂಡ್ತಿ ಮುಂದ ನಾ ಯಾವ ಮಾರಿ ತಗೊಂಡು ನಿಂದರ್ಲಿ? ಕುಡಿಯೋ ಮಾರಾಯ.”

ಸಾವಕಾರರು ಗೆಳೆಯನ ಮುಖ ನೋಡುತ್ತ ಬಾಯಿ ತೆರೆದರು. ಎರಡು ಗುಟುಕು. ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಹತ್ತಿತು, ಜೀಪು ಆಗಲೇ ಬಂದು ನಿಂತಿತ್ತು. ಎರಡೂ ಕಡೆ ಹಿಡಿದು ಹತ್ತಿಸಿದೆವು. ಜೀಪಿನಲ್ಲಿ ಅವರ ತಲೆ ಸಾಹೇಬರ ಹೆಗಲಿಗೆ ವಾಲಿತು. ದವಾಖಾನೆ ಮುಟ್ಟುವವರೆಗೂ ಸಾಹೇಬರು ಅವರ ಕೆನ್ನೆ ತಟ್ಟುತ್ತ, ಸಾಲಿಯ ಹುಡುಗರ ಹೆಸರು ಒಂದೊಂದಾಗಿ ಹೇಳಿಸುತ್ತಿದ್ದರು.

ಗಜೇಂದ್ರಗಡದ ದವಾಖಾನೆಯಲ್ಲಿ ಡಾಕ್ಟರು ಬೆರಳು ಚುಚ್ಚಿ ನೋಡಿ ಸಲಾಯಿನ್ ಹಚ್ಚಿದರು. ಆಮೇಲೆ ಹೊರಗೆ ಬಂದು, ಮೇಲೆ ಇನ್ನೊಂದು ತಾಸು ಕಳೆದಿದ್ದರೆ ಎಂದು ಶುರು ಮಾಡಿದರು. ಸಾಕು ಎಂದು ಕೈ ಎತ್ತಿದೆ. ಒಂದು ದಿನ ಪೂರ್ತಿ ಇಟ್ಟುಕೊಂಡು ನೋಡಬೇಕು, ಎಚ್ಚರಾದ ಕೂಡಲೇ ಏನಾದರೂ ತಿನ್ನಿಸಬೇಕು ಅಂದರು.

ರೋಣದಿಂದ ಅವರ ಹೆಂಡತಿ ಬಂದರು. ಸಣ್ಣ ದೇಹ, ಆಪರೇಶನ್ನಿನ ಮೇಲೆ ಇನ್ನೂ ಸಣ್ಣಗಾಗಿದ್ದರು. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ನಿಧಾನ ನಡೆದು ಬಂದರು. ಸಾಹೇಬರು ಬಾಗಿಲಲ್ಲೇ ತಡೆದು ಎಲ್ಲ ಹೇಳಿದರು. ಹರಕೆಯ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. ಕೇಳುತ್ತ ಕೇಳುತ್ತ ಅವರ ಮುಖ ಕೆಂಪಾಯಿತು. ಒಳಗೆ ಹೋಗಿ ಮಂಚದ ಹತ್ತಿರ ನಿಂತರು.

“ನಾ ಬದುಕಿ ಬಂದಿದ್ದು ನೀವು ಸಾಯಾಕೇನ್ರಿ?”

ಸಾವಕಾರರು ಗೋಡೆಯ ಕಡೆ ಹೊರಳಿದರು. “ಹರಕಿ ಮುಟ್ಟಲಿಲ್ಲ. ತೀರ್ಥ ಅಂತ ಹೇಳಿ ಬೆಲ್ಲದ ನೀರು ಕುಡಿಸಿದ್ರು. ನಿನಗ ಏನರ ಆದ್ರ…” ಎಂದು ನಿಲ್ಲಿಸಿದರು. ಪಕ್ಕದ ಸ್ಟೂಲಿನ ಮೇಲೆ ಅಕ್ಕೋರು ಇಟ್ಟ ರೊಟ್ಟಿ ಹಾಗೇ ಇತ್ತು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ತಪ್ಪಾಯಿತು ಎಂದು ಹೇಳಲು ಬಂದಿದ್ದೆ. ಅವರ ಹೆಂಡತಿ ತಿರುಗಿ ನನ್ನನ್ನು ನೋಡಿದರು, ಮಣ್ಣು ಮೆತ್ತಿದ ನನ್ನ ಚೀಲ ನೋಡಿದರು.

“ಇವರಿಗೆ ಕೊಟ್ಟಾಕಿ ನೀನ ಏನವಾ?”

“ಹೌದ್ರಿ.”

“ಉಳದೈತೇನು ಅದು?”

ಬಾಟಲಿಯ ತಳದಲ್ಲಿ ಒಂದು ಗುಟುಕು ಇತ್ತು. ತೆಗೆದೆ. ಅವರು ಸೆರಗು ತಲೆ ಮೇಲೆ ಎಳೆದುಕೊಂಡರು. ಬಲಗೈ ಮುಂದೆ ಹಿಡಿದು, ಬೆರಳು ಕೂಡಿಸಿ, ಅಂಗೈ ತಗ್ಗು ಮಾಡಿದರು. ಹಾಕಿದೆ. ಅವರು ಕಣ್ಣು ಮುಚ್ಚಿ ಕುಡಿದು, ಒದ್ದೆ ಅಂಗೈಯನ್ನು ನೆತ್ತಿಗೆ ಒರೆಸಿಕೊಂಡರು. ಆಮೇಲೆ ಸ್ಟೂಲಿನ ಮೇಲಿನ ರೊಟ್ಟಿ ಮುರಿದು ಗಂಡನ ಬಾಯಿಯ ಹತ್ತಿರ ಹಿಡಿದರು.

“ಮುಟ್ಟಿತು. ಈ ಕಡಿ ಹೊಳ್ಳಿ ಉಣ್ರಿ.”